ಹುಣಸೆ ಬೀಜದಲ್ಲಿ ಗ್ರಿಡ್ ನಡೆಸುವುದು: ಇಂಧನ ಸಮ್ಮೇಳನಕ್ಕೆ ಆಟ ಕಟ್ಟುವ ಬಗೆ

ಇಂಧನದ ಭವಿಷ್ಯದ ಬಗ್ಗೆ ನಡೆಯುವ ಯಾವ ಸಮ್ಮೇಳನಕ್ಕೆ ಹೋದರೂ ಒಂದು ಗೆರೆ ಪರದೆಯ ಮೇಲೆ ಬಂದೇ ಬರುತ್ತದೆ. ಒಂದು ದಿನದಲ್ಲಿ ಬೇಕಾಗುವ ಒಟ್ಟು ಕರೆಂಟಿನಲ್ಲಿ ಬಿಸಿಲಿನಿಂದ ಸಿಕ್ಕಿದ್ದನ್ನು ಕಳೆದು ಉಳಿದದ್ದನ್ನು ತೋರಿಸುವ ಗೆರೆ ಅದು. ಬೆಳಗ್ಗೆ ಸ್ವಲ್ಪ ಏರುತ್ತದೆ. ಮಧ್ಯಾಹ್ನ ಜೋಕಾಲಿಯ ಹಾಗೆ ಕೆಳಗೆ ಜೋತುಬೀಳುತ್ತದೆ. ಸಂಜೆ ಆರರ ಹೊತ್ತಿಗೆ ಗೋಡೆ ಹತ್ತಿದ ಹಾಗೆ ಏರಿಬಿಡುತ್ತದೆ. ಭಾಷಣ ಮಾಡುವವರು ಅದನ್ನು ನಾಲ್ಕು ನಿಮಿಷದಲ್ಲಿ ವಿವರಿಸುತ್ತಾರೆ. ಕೂತವರು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಸಂಜೆ ಬಸ್ಸಿಗೆ ಕಾಯುವಾಗ ಅವರನ್ನೇ ಕೇಳಿ ನೋಡಿ, ಆ ಗೆರೆ ಏನು ಹೇಳುತ್ತಿತ್ತು ಅಂತ. ಫೋಟೋ ತೆರೆದು ನೋಡಬೇಕಾಗುತ್ತದೆ.

ಅದೇ ಗೆರೆಯನ್ನು ನಾನು ಈಗ ಹುಣಸೆ ಬೀಜ, ಕಡಲೆಕಾಯಿ ಬೀಜ ಮತ್ತು ಹತ್ತು ಕವಡೆಗಳಲ್ಲಿ ತೋರಿಸುತ್ತೇನೆ. ಒಂದು ಮೇಜಿಗೆ ಆರು ಜನ. ಹದಿನೈದು ನಿಮಿಷದಲ್ಲಿ ಯಾರಾದರೊಬ್ಬರು ಎದ್ದು ನಿಂತು ಜಗಳಕ್ಕೇ ಇಳಿದಿರುತ್ತಾರೆ. "ನಿಮ್ಮ ಕಾರ್ಖಾನೆ ಮಾತ್ರ ಓಡಬೇಕಾ, ನಮ್ಮ ಮನೇಲಿ ದೀಪ ಬೇಡ್ವಾ?" ಇಷ್ಟು ಹೊತ್ತಿಗೆ ಆ ಗೆರೆ ಅವರಿಗೆ ಅರ್ಥವಾಗಿರುತ್ತದೆ. ಗೆರೆಯನ್ನು ನಾನಿನ್ನೂ ತೋರಿಸಿಯೇ ಇರುವುದಿಲ್ಲ.

ಇಂಥ ಆಟಗಳನ್ನು ಹೇಗೆ ಕಟ್ಟುವುದು, ಯಾವುದು ಕೆಲಸ ಮಾಡುತ್ತದೆ, ಯಾವುದು ಸುಮ್ನೆ ಗದ್ದಲ ಮಾಡಿ ಹೋಗುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ನೋಡುತ್ತೇನೆ. ಕಾಲೇಜಿನಲ್ಲಿ, ಪಂಚಾಯಿತಿಯಲ್ಲಿ, ದೊಡ್ಡ ಸಮ್ಮೇಳನದಲ್ಲಿ, ಎಲ್ಲಿ ಮಾಡುವುದಾದರೂ ಮೂಲ ಒಂದೇ: ಆಟದ ನಿಯಮವೇ ವಿಷಯದ ನಿಯಮ ಆಗಿರಬೇಕು. ಆಟದಲ್ಲಿ ಗೆಲ್ಲಲು ಏನು ಮಾಡಬೇಕೋ, ನಿಜವಾದ ಗ್ರಿಡ್, ಅಂದರೆ ಕರೆಂಟ್ ಹುಟ್ಟುವ ಕಡೆಯಿಂದ ಮನೆಮನೆಗೆ ತರುವ ತಂತಿಜಾಲ, ಉಳಿಯಲು ಅದನ್ನೇ ಮಾಡಬೇಕು. ಇವೆರಡೂ ಬೇರೆ ಬೇರೆ ಆದರೆ ಜನ ಆಟ ಕಲಿಯುತ್ತಾರೆ, ವಿಷಯ ಕಲಿಯುವುದಿಲ್ಲ.

ಸಮ್ಮೇಳನಗಳ ಸ್ಟಾಲುಗಳಲ್ಲಿ ಸೈಕಲ್ ತುಳಿದು ಬಲ್ಬ್ ಹೊತ್ತಿಸುವ ಆಟ ನೋಡಿರುತ್ತೀರಿ. ತುಳಿದವರಿಗೆ ಚಪ್ಪಾಳೆ, ಒಂದು ಫೋಟೋ, ಒಂದು ಕೀಚೈನ್. ಅದರಿಂದ ಅವರು ಏನು ತಿಳಿದುಕೊಂಡು ಹೋದರು? ಬಹಳಷ್ಟು ಸಲ ತಪ್ಪನ್ನೇ ತಿಳಿದುಕೊಂಡು ಹೋಗುತ್ತಾರೆ. ಎಲ್ಲರೂ ಸೈಕಲ್ ತುಳಿದರೆ ಊರಿಗೆಲ್ಲ ಕರೆಂಟ್ ಸಿಗುತ್ತದೆ ಅನ್ನಿಸಿಬಿಡುತ್ತದೆ. ನಿಜ ಏನೆಂದರೆ, ಆರೋಗ್ಯವಾಗಿರುವ ಮನುಷ್ಯ ಸ್ವಲ್ಪ ಹೊತ್ತು ಸುಸ್ತಾಗದೆ ತುಳಿದರೆ ಸುಮಾರು 100 ವ್ಯಾಟ್ ಬರುತ್ತದೆ. ನಮ್ಮ ಬಿಲ್ಲಿನ ಒಂದು ಯೂನಿಟ್ ಆಗಬೇಕಾದರೆ ಅದೇ ವೇಗದಲ್ಲಿ ಹತ್ತು ಗಂಟೆ ತುಳಿಯಬೇಕು. ಆ ಒಂದು ಯೂನಿಟ್ಟಿಗೆ ನಾವು ಕೊಡುವುದು ಹೆಚ್ಚುಕಮ್ಮಿ ಒಂದು ಅರ್ಧ ಕಾಫಿಯ ದುಡ್ಡು. 2015ರಲ್ಲಿ ಜರ್ಮನಿಯ ಸೈಕಲ್ ಪಟು ರಾಬರ್ಟ್ ಫೋರ್ಸ್ಟೆಮನ್ ಒಂದು 700 ವ್ಯಾಟ್ ಟೋಸ್ಟರಿಗೆ ಕರೆಂಟ್ ಕೊಡಲು ಸೈಕಲ್ ಹತ್ತಿದರು. ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರು, ತೊಡೆಗಳು ಮರದ ದಿಮ್ಮಿಯ ಹಾಗಿವೆ. ಒಂದು ತುಂಡು ಬ್ರೆಡ್ ಕೆಂಪಗಾಗುವ ಹೊತ್ತಿಗೆ ಅವರು ನೆಲಕ್ಕೆ ಬಿದ್ದುಕೊಂಡರು. ಅಷ್ಟಕ್ಕೆ ಹುಟ್ಟಿದ್ದು 0.021 ಯೂನಿಟ್.

ಹಾಗಂತ ಸೈಕಲ್ ಎಸೆಯಬೇಕಿಲ್ಲ. ಕೇಳುವ ಪ್ರಶ್ನೆ ಬದಲಾಯಿಸಿದರೆ ಸಾಕು. "ಕರೆಂಟ್ ಹುಟ್ಟಿಸಿ" ಅನ್ನುವ ಬದಲು "ಯಾವುದು ಎಷ್ಟು ತಿನ್ನುತ್ತೆ, ಕಾಲಲ್ಲಿ ಅಳೆದು ನೋಡಿ" ಅನ್ನಿ. ಸೈಕಲ್ಲಿಗೆ ಒಂದು ಹಳೇ 60 ವ್ಯಾಟ್ ಬಲ್ಬ್, ಒಂದು 9 ವ್ಯಾಟ್ ಎಲ್‌ಇಡಿ ಬಲ್ಬ್ ಕಟ್ಟಿ, ನಡುವೆ ಒಂದು ಸ್ವಿಚ್ ಇಡಿ. ತುಳಿಯುವವರು ಹಳೇ ಬಲ್ಬಿನಲ್ಲಿ ಒಂದು ನಿಮಿಷ ಉಸಿರು ಬಿಡಲಿ. ಆಮೇಲೆ ಪಕ್ಕದಲ್ಲಿರುವವರು ಸ್ವಿಚ್ ಎಲ್‌ಇಡಿಗೆ ತಿರುಗಿಸಲಿ. ಪೆಡಲ್ ತಟ್ಟನೆ ಹಗುರಾಗುತ್ತದೆ. ಆ ಕ್ಷಣ ಅವರ ಮುಖ ನೋಡಬೇಕು. ಬೆಳಕು ಅಷ್ಟೇ ಇದೆ, ಕಾಲಿಗೆ ಭಾರ ಇಲ್ಲ. ಆಮೇಲೆ ಗೋಡೆಯ ಮೇಲಿನ ಗೀಸರ್ ತೋರಿಸಿ, "ಇದು 2000 ವ್ಯಾಟ್. ನಿಮ್ಮಂಥವರು ಇಪ್ಪತ್ತು ಜನ ಬೇಕು" ಅಂತ ಹೇಳಿದರೆ, ಆ ಇಪ್ಪತ್ತು ಅನ್ನುವ ಸಂಖ್ಯೆ ಅವರಿಗೆ ಮೊಣಕಾಲಿನಲ್ಲೇ ತಾಗುತ್ತದೆ. ಸಾಮಾನು ಅದೇ, ಪ್ರಶ್ನೆ ಬದಲಾಯಿತು. ಹೆಜ್ಜೆ ಇಟ್ಟರೆ ಕರೆಂಟ್ ಬರುವ ಟೈಲ್ಸ್, ಕುಣಿದರೆ ದೀಪ ಹೊತ್ತುವ ನೆಲ, ಇವುಗಳ ಬಗ್ಗೆಯೂ ನನ್ನ ತಕರಾರು ಇದೇ. ಆ ದೀಪದ ಖುಷಿಯಲ್ಲಿ, ತಲೆ ಮೇಲಿನ ಎಸಿ ಎಷ್ಟು ಎಳೆಯುತ್ತಿದೆ ಎಂಬ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ.

ಈಗ ಗ್ರಿಡ್ಡಿನ ಮಾತಿಗೆ ಬರೋಣ. ಕರೆಂಟಿನ ವಿಷಯದಲ್ಲಿ ಜನರಿಗೆ ಅತಿ ಕಷ್ಟವಾಗುವ ಸಂಗತಿ ಒಂದಿದೆ. ನೀರಿನ ಹಾಗೆ ಅದನ್ನು ಟ್ಯಾಂಕಿನಲ್ಲಿ ತುಂಬಿಟ್ಟು ಬೇಕಾದಾಗ ಬಿಟ್ಟುಕೊಳ್ಳುವುದಿಲ್ಲ. ಈ ಕ್ಷಣಕ್ಕೆ ಎಷ್ಟು ಬೇಕೋ ಅಷ್ಟೇ ಈ ಕ್ಷಣ ಹುಟ್ಟಬೇಕು. ಈ ಸಮತೋಲ ಹೇಗಿದೆ ಎಂದು ಹೇಳುವ ನಾಡಿಯೇ ಫ್ರೀಕ್ವೆನ್ಸಿ. ನಮ್ಮ ದೇಶದಲ್ಲಿ ಅದು 50 ಹರ್ಟ್ಸ್ (ಸೆಕೆಂಡಿಗೆ 50 ಮಿಡಿತ) ಆಸುಪಾಸಿನಲ್ಲಿರಬೇಕು. ಬಳಕೆ ಜಾಸ್ತಿಯಾದರೆ ಇಳಿಯುತ್ತದೆ, ಉತ್ಪಾದನೆ ಜಾಸ್ತಿಯಾದರೆ ಏರುತ್ತದೆ. ಎರಡೂ ಅಪಾಯ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ಎರಡನೇ ದಿನ ಅರ್ಧ ದೇಶಕ್ಕೇ ಕರೆಂಟ್ ಇರಲಿಲ್ಲ. ಆಗ ದಕ್ಷಿಣದ ಗ್ರಿಡ್ ಅದರೊಂದಿಗೆ ಇನ್ನೂ ಒಂದಾಗಿರಲಿಲ್ಲ, ನಾವು ಉಳಿದೆವು.

ಇದನ್ನು ಆಟವಾಗಿ ಹೇಗೆ ಮಾಡುವುದು? ನಮಗೆ ಗೊತ್ತಿಲ್ಲದೆಯೇ ನಾವೆಲ್ಲ ಒಮ್ಮೆ ಈ ಆಟ ಆಡಿದ್ದೇವೆ. 2020ರ ಏಪ್ರಿಲ್ 5, ಭಾನುವಾರ, ರಾತ್ರಿ 9 ಗಂಟೆ. ದೇಶದ ಮನೆಮನೆಯಲ್ಲಿ ಒಂಬತ್ತು ನಿಮಿಷ ದೀಪ ಆರಿಸಿ ಹಣತೆ ಹಚ್ಚಿದ್ದು ನೆನಪಿದೆಯಲ್ವಾ? ನಾವು ಜಗುಲಿಯಲ್ಲಿ, ಬಾಲ್ಕನಿಯಲ್ಲಿ ನಿಂತಿದ್ದಾಗ ಗ್ರಿಡ್ ನೋಡಿಕೊಳ್ಳುವ ಎಂಜಿನಿಯರುಗಳು ಕೈ ಬಿಗಿಹಿಡಿದು ಪರದೆ ನೋಡುತ್ತಿದ್ದರು. ಬೇಡಿಕೆ ಸುಮಾರು 12 ರಿಂದ 14 ಸಾವಿರ ಮೆಗಾವ್ಯಾಟ್ ಇಳಿಯಬಹುದು ಎಂಬ ಅಂದಾಜಿತ್ತು. ಇಳಿದದ್ದು 31 ಸಾವಿರ ಮೆಗಾವ್ಯಾಟ್. ಆ ಕೆಲವೇ ನಿಮಿಷಗಳಲ್ಲಿ ಜಲವಿದ್ಯುತ್ ಘಟಕಗಳು 17 ಸಾವಿರ ಮೆಗಾವ್ಯಾಟ್‌ಗೂ ಹೆಚ್ಚು ಉತ್ಪಾದನೆ ತಗ್ಗಿಸಿದವು, ಮತ್ತೆ ದೀಪ ಹತ್ತಿದಾಗ ಏರಿಸಿದವು. ಫ್ರೀಕ್ವೆನ್ಸಿ 49.70ರಿಂದ 50.26ರ ನಡುವೆ ಓಲಾಡಿ ಸರಿಹೋಯಿತು. ಎಲ್ಲೂ ಗ್ರಿಡ್ ಬೀಳಲಿಲ್ಲ. ನೀರಿನ ಕರೆಂಟ್ ಯಾಕೆ ಅಷ್ಟು ಬೆಲೆಯದ್ದು ಎಂದು ತಿಳಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಬಾಗಿಲು ತೆರೆದರೆ ನೀರು ಬರುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಕಲ್ಲಿದ್ದಲ ಘಟಕಕ್ಕೆ ಅಷ್ಟು ಬೇಗ ಏರಿಳಿಯಲು ಆಗುವುದಿಲ್ಲ.

ಸಭಾಂಗಣದಲ್ಲಿ ಇದನ್ನು ಮಾಡಲು ನಾನು ಬಳಸುವುದು ಒಂದು ಜಮಖಾನ. ಹನ್ನೆರಡು ಜನ ಸುತ್ತ ನಿಂತು ಬಿಗಿಯಾಗಿ ಹಿಡಿಯುತ್ತಾರೆ. ನಡುವೆ ಒಂದು ತೆಂಗಿನಕಾಯಿ. ಆರು ಜನ ಉತ್ಪಾದನೆ, ಆರು ಜನ ಬಳಕೆ. ಕಾಯಿ ನಡುವಿನ ಪಟ್ಟಿಯಲ್ಲೇ ಇರಬೇಕು. ನಾನು ಕಿವಿಯಲ್ಲಿ ಒಬ್ಬೊಬ್ಬರಿಗೆ ಹೇಳುತ್ತೇನೆ: "ನೀವು ಬಿಸಿಲು, ಮೋಡ ಬಂತು, ಕೈ ಇಳಿಸಿ." "ನೀವು ಮನೆ, ಧಾರಾವಾಹಿ ಶುರು ಆಯ್ತು, ಕೈ ಎತ್ತಿ." ಉಳಿದವರಿಗೆ ಏನಾಯಿತೆಂದು ಗೊತ್ತಿಲ್ಲ, ಕಾಯಿ ಉರುಳುವುದು ಮಾತ್ರ ಕಾಣುತ್ತದೆ. ಅದನ್ನು ನೋಡಿಯೇ ಕೈ ಸರಿಪಡಿಸಿಕೊಳ್ಳಬೇಕು. ಮಾತಾಡುವಂತಿಲ್ಲ. ಎರಡು ನಿಮಿಷದ ಆಟ. ಗ್ರಿಡ್ಡಿನಲ್ಲಿ ಜನರೇಟರುಗಳೂ ಹೀಗೆಯೇ ಮಾಡುತ್ತವೆ: ಎಲ್ಲೋ ದೂರದಲ್ಲಿ ಏನಾಯಿತೆಂದು ಅವಕ್ಕೆ ತಿಳಿಯದು, ಫ್ರೀಕ್ವೆನ್ಸಿ ಅಲ್ಲಾಡಿದ್ದು ತಿಳಿಯುತ್ತದೆ, ಅದಕ್ಕೆ ತಕ್ಕಂತೆ ತಾವು ಏರಿಳಿಯುತ್ತವೆ.

ಇನ್ನು ಹುಣಸೆ ಬೀಜದ ಆಟ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನೀವೂ ಮಾಡಬಹುದು. ಅಳಗುಳಿ ಮಣೆ ಆಡಿದವರಿಗೆ ಕೈ ಬೇಗ ಒಗ್ಗುತ್ತದೆ.

ಹನ್ನೆರಡು ಸಣ್ಣ ಬಟ್ಟಲುಗಳನ್ನು ಸಾಲಾಗಿ ಇಡಿ. ಒಂದೊಂದು ಬಟ್ಟಲು ಎರಡೆರಡು ಗಂಟೆ. ಒಟ್ಟು ಒಂದು ದಿನ. ಹುಣಸೆ ಬೀಜ ಅಂದರೆ ಕಲ್ಲಿದ್ದಲ ಕರೆಂಟ್: ಪ್ರತಿ ಬಟ್ಟಲಿಗೆ ಮೂರು, ಹಗಲಾಗಲಿ ರಾತ್ರಿಯಾಗಲಿ. ಕಡಲೆಕಾಯಿ ಬೀಜ ಅಂದರೆ ಬಿಸಿಲು: ಬೆಳಗ್ಗೆ 8ರ ಬಟ್ಟಲಿಗೆ ಎರಡು, 10ಕ್ಕೆ ನಾಲ್ಕು, 12ಕ್ಕೆ ನಾಲ್ಕು, 2ಕ್ಕೆ ಮೂರು. ಮತ್ತೆಲ್ಲೂ ಇಲ್ಲ. ಕವಡೆ ಅಂದರೆ ಅಣೆಕಟ್ಟಿನ ನೀರು: ಇಡೀ ದಿನಕ್ಕೆ ಹತ್ತು, ಎಲ್ಲಿ ಬೇಕಾದರೂ ಹಾಕಬಹುದು. ಕಡಲೆಕಾಯಿ ಯಾಕೆ ಅಂದರೆ, ಕರ್ನಾಟಕದ ದೊಡ್ಡ ಸೋಲಾರ್ ಪಾರ್ಕ್ ಇರುವುದು ಪಾವಗಡದಲ್ಲಿ, ಮತ್ತು ಅದು ಶೇಂಗಾ ಬೆಳೆಯುವ ನೆಲ. ಆ ಸೀಮೆಯವರು ಮೇಜಿನಲ್ಲಿದ್ದರೆ ಬೇರೇನೂ ವಿವರಿಸಬೇಕಾಗುವುದಿಲ್ಲ.

ಆರು ಜನರಲ್ಲಿ ಒಬ್ಬರು ಮನೆ, ಒಬ್ಬರು ಪಂಪ್‌ಸೆಟ್ ರೈತ, ಒಬ್ಬರು ಕಾರ್ಖಾನೆ, ಒಬ್ಬರು ಅಂಗಡಿ ಮತ್ತು ಹೋಟೆಲ್, ಒಬ್ಬರು ಆಸ್ಪತ್ರೆ. ಆರನೆಯವರು ಲೋಡ್ ಡಿಸ್ಪ್ಯಾಚ್ ಸೆಂಟರಿನವರು, ಅಂದರೆ ಗ್ರಿಡ್ಡಿನ ಸಮತೋಲ ನೋಡಿಕೊಳ್ಳುವವರು, ಕವಡೆ ಅವರ ಕೈಯಲ್ಲಿ. ಉಳಿದ ಐವರಿಗೂ ಸಣ್ಣ ಕಲ್ಲುಗಳು. ಕರೆಂಟ್ ಬೇಕಾದ ಹೊತ್ತಿನ ಬಟ್ಟಲಿಗೆ ಕಲ್ಲು ಹಾಕಬೇಕು. ಒಂದು ಕಲ್ಲಿಗೆ ಒಂದು ಬೀಜ ಅಥವಾ ಕವಡೆ ಸಿಗಬೇಕು. ಸಿಗದ ಕಲ್ಲು ಅಂದರೆ ಲೋಡ್ ಶೆಡ್ಡಿಂಗ್. ಉಳಿದ ಬೀಜ ವ್ಯರ್ಥ. ನಿಯಮ ಇಷ್ಟೇ. ನಾಲ್ಕೈದು ವಾಕ್ಯದಲ್ಲಿ ಹೇಳಲಾಗದ ನಿಯಮ ಸಮ್ಮೇಳನದಲ್ಲಿ ನಡೆಯುವುದಿಲ್ಲ.

ಮೊದಲ ಸುತ್ತಿನಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಎಲ್ಲರೂ ತಮ್ಮ ಬದುಕಿನ ಹಾಗೆ ಕಲ್ಲು ಹಾಕುತ್ತಾರೆ. ಒಂದು ಮೇಜಿನ ಲೆಕ್ಕ ಹೇಳುತ್ತೇನೆ. ಸಂಜೆ 6 ಮತ್ತು 8ರ ಬಟ್ಟಲಿನಲ್ಲಿ ಒಂಬತ್ತೊಂಬತ್ತು ಕಲ್ಲು ಬಿದ್ದವು. ಬೆಳಗ್ಗೆ 6ರ ಬಟ್ಟಲಿಗೆ ಐದು. ಮಧ್ಯಾಹ್ನದ ಎರಡು ಬಟ್ಟಲಿಗೆ, ಅಂದರೆ 10 ಮತ್ತು 12ರದ್ದಕ್ಕೆ, ಐದೈದು. ಬೇರೆ ಬಟ್ಟಲುಗಳಲ್ಲಿ ಇದ್ದ ಬೀಜ ಸಾಕಾಯಿತು. ಸಂಜೆಯ ಹದಿನೆಂಟು ಕಲ್ಲಿಗೆ ಹುಣಸೆ ಬೀಜ ಇರುವುದು ಆರು. ಹನ್ನೆರಡು ಕೊರತೆ. ಬೆಳಗ್ಗೆ ಎರಡು ಕೊರತೆ. ಒಟ್ಟು ಹದಿನಾಲ್ಕು. ಕವಡೆ ಇರುವುದು ಹತ್ತು. ನಾಲ್ಕು ಕಲ್ಲಿಗೆ ಕತ್ತಲೆ. ಅದೇ ಹೊತ್ತಿಗೆ ಮಧ್ಯಾಹ್ನದ ಎರಡು ಬಟ್ಟಲಿನಲ್ಲಿ ಏಳೇಳು ಬೀಜ ಇದ್ದು ಐದೈದೇ ಕಲ್ಲು. ನಾಲ್ಕು ಕಡಲೆಬೀಜ ಯಾರಿಗೂ ಬೇಡವಾಗಿ ಉಳಿದಿವೆ.

ಕತ್ತಲೆ ನಾಲ್ಕು, ಉಳಿದ ಬೀಜ ನಾಲ್ಕು. ಮೇಜಿನವರು ಇದನ್ನು ತಾವೇ ಕಾಣಬೇಕು. ನಡೆಸಿಕೊಡುವವರು ಬಾಯಿ ಬಿಡಬಾರದು. ಇದು ತುಂಬ ಕಷ್ಟದ ಕೆಲಸ, ಹೇಳಿಬಿಡಲು ನಾಲಿಗೆ ತುರಿಸುತ್ತದೆ. ಆದರೂ ಕಾಯಬೇಕು. ಆ ಮೇಜಿನಲ್ಲಿ ರೈತನ ಪಾತ್ರ ಮಾಡಿದವರು ಮೊದಲು ಸಂಜೆಯ ಎರಡು ಕಲ್ಲು ಎತ್ತಿ ಮಧ್ಯಾಹ್ನಕ್ಕೆ ಹಾಕಿದರು. ಕಾರ್ಖಾನೆ ಒಂದು ಕಲ್ಲು ಸರಿಸಿತು. ಇನ್ನೊಂದು ಉಳಿಯಿತು. ಎಲ್ಲರೂ ಮನೆಯ ಕಡೆ ನೋಡಿದರು. ಮನೆಯ ಪಾತ್ರದಲ್ಲಿದ್ದ ಮೇಡಂ, "ವಾಷಿಂಗ್ ಮಷೀನ್ ಮಧ್ಯಾಹ್ನ ಹಾಕಬೇಕಾದ್ರೆ ಮಧ್ಯಾಹ್ನ ಮನೇಲಿ ಯಾರಿರ್ತಾರೆ, ಹೇಳಿ?" ಅಂದರು. ಮೇಜು ಗಪ್ ಚುಪ್. ಬೇಡಿಕೆಯನ್ನು ಹೊತ್ತಿನಿಂದ ಹೊತ್ತಿಗೆ ಸರಿಸಿ ಅಂತ ಪರದೆ ಮೇಲೆ ಬರೆಯುವುದು ಸುಲಭ. ಸರಿಸುವ ಕೈ ಯಾರದ್ದು ಎಂಬ ಪ್ರಶ್ನೆ ಆ ಒಂದು ಕಲ್ಲಿನಲ್ಲಿ ಮೇಜಿನ ಮೇಲೆ ಬಂದು ಕೂತಿತು.

ರೈತರ ಕಲ್ಲು ಮಧ್ಯಾಹ್ನಕ್ಕೆ ಸರಿಯುವುದು ಆಟದ ಕಲ್ಪನೆ ಅಲ್ಲ. ಕರ್ನಾಟಕದಲ್ಲಿ ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕೊಡಬೇಕೆಂಬುದು ಲೆಕ್ಕ. ಅದು ರಾತ್ರಿ ಬಂದರೆ ರೈತ ರಾತ್ರಿಯೇ ಗದ್ದೆಗೆ ಹೋಗಬೇಕು, ಟಾರ್ಚ್ ಹಿಡಿದು, ಹಾವಿಗೆ ಹೆದರಿಕೊಂಡು. ಬಿಸಿಲಿನ ಕರೆಂಟ್ ಹೆಚ್ಚಿದ ಮೇಲೆ ಹಗಲಿನಲ್ಲಿ ಕೊಡುವ ಅವಕಾಶವೂ ಹೆಚ್ಚಿದೆ. ಮೇಜಿನಲ್ಲಿ ಹಳ್ಳಿಯಿಂದ ಬಂದವರು ಒಬ್ಬರಿದ್ದರೆ ಈ ಮಾತು ಅವರೇ ಹೇಳುತ್ತಾರೆ, ನಾವು ಹೇಳುವುದಕ್ಕಿಂತ ಚೆನ್ನಾಗಿ.

ಎರಡನೇ ಸುತ್ತಿನಲ್ಲಿ ಹದಿಮೂರನೇ ಬಟ್ಟಲು ಬರುತ್ತದೆ. ಮಧ್ಯಾಹ್ನ ಉಳಿದ ಬೀಜ ಇದರಲ್ಲಿ ಇಡಬಹುದು. ನಾಲ್ಕು ಇಟ್ಟರೆ ಸಂಜೆ ಮೂರು ವಾಪಸ್ಸು. ಮಿಗತೆ ಕರೆಂಟಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ಮತ್ತೆ ಕರೆಂಟ್ ಮಾಡುವ ಪಂಪ್ಡ್ ಸ್ಟೋರೇಜ್ ಇದು. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದು, ಎಂಬತ್ತು ಸಿಗುತ್ತದೆ. ಜನ ಖುಷಿಯಾಗುತ್ತಾರೆ. ಆಗ ಇನ್ನೊಂದು ನಿಯಮ: ಈ ಬಟ್ಟಲು ಇಡಲು ಮಣೆಯ ಮೇಲೆ ಜಾಗ ಬೇಕು, ಆ ಜಾಗದಲ್ಲಿ ಈಗಾಗಲೇ ಒಂದು ಹಸಿರು ಎಲೆ ಇದೆ, ಎಲೆ ಅಂದರೆ ಕಾಡು. ಅದನ್ನು ಎತ್ತಬೇಕೋ ಬೇಡವೋ ಆರೂ ಜನ ಒಪ್ಪಬೇಕು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟಿನ ಶರಾವತಿ ಯೋಜನೆಯ ಬಗ್ಗೆ ನಡೆಯುತ್ತಿರುವ ವಾದ ಇದೇ. ಸಂಜೆಯ ಕರೆಂಟೂ ನಿಜ, ಸಿಂಗಳೀಕಗಳ ಕಾಡೂ ನಿಜ. ಆಟ ಇಲ್ಲಿ ಉತ್ತರ ಹೇಳಬಾರದು. ಎಲೆ ಎತ್ತಿದವರು ಯಾಕೆ ಎತ್ತಿದರು, ಬಿಟ್ಟವರು ಯಾಕೆ ಬಿಟ್ಟರು ಎಂದು ಅವರ ಬಾಯಿಂದಲೇ ಕೇಳಿಸಿಕೊಳ್ಳಬೇಕು, ಅಷ್ಟೇ. ನಾನು ಶುರುವಿನಲ್ಲಿ ಈ ಎಲೆ ಇಟ್ಟಿರಲಿಲ್ಲ. ಇಡದೆ ಆಡಿಸಿದಾಗ ಎಲ್ಲ ಮೇಜಿನವರೂ ಒಂದೇ ಉತ್ತರಕ್ಕೆ ಬರುತ್ತಿದ್ದರು, ಅದೂ ಸುಖವಾಗಿ. ಆಟ ಸುಳ್ಳು ಹೇಳುತ್ತಿತ್ತು.

ಆಟ ಯಾವಾಗಲೂ ಏನನ್ನಾದರೂ ಬಿಟ್ಟಿರುತ್ತದೆ. ಕಲ್ಲಿದ್ದಲ ಘಟಕವನ್ನು ಸ್ವಲ್ಪ ಇಳಿಸಬಹುದು, ಬೇರೆ ರಾಜ್ಯದಿಂದ ಕರೆಂಟ್ ಕೊಳ್ಳಬಹುದು, ಗಾಳಿ ವಿದ್ಯುತ್ ಇದೆ, ಕೈಗಾ ಇದೆ. ಇವೆಲ್ಲ ನನ್ನ ಮಣೆಯಲ್ಲಿಲ್ಲ. ಬಿಟ್ಟಿದ್ದನ್ನು ಕೊನೆಯಲ್ಲಿ ಬಾಯಿಬಿಟ್ಟು ಹೇಳುವುದು ನಡೆಸಿಕೊಡುವವರ ಹೊಣೆ. ಇಲ್ಲದಿದ್ದರೆ ಜನ ಬೀಜಗಳನ್ನೇ ಕರ್ನಾಟಕ ಅಂದುಕೊಂಡು ಮನೆಗೆ ಹೋಗುತ್ತಾರೆ.

ಜಗತ್ತಿನಲ್ಲಿ ಈ ಕೆಲಸ ಚೆನ್ನಾಗಿ ಮಾಡಿದವರು ಇದ್ದಾರೆ. ರೆಡ್ ಕ್ರಾಸಿನ ಹವಾಮಾನ ಕೇಂದ್ರದ ಪಾಬ್ಲೊ ಸುವಾರೆಸ್ ಅವರು ದಾಳ ಮತ್ತು ಬೀನ್ಸ್ ಕಾಳುಗಳಲ್ಲಿ ನೆರೆಯ ಆಟ ಆಡಿಸುತ್ತಾರೆ. ಎರಡು ದಾಳದ ಮೊತ್ತ ಹತ್ತು ಅಥವಾ ಹೆಚ್ಚು ಬಂದರೆ ನೆರೆ. ಆಟಗಾರರು ಕಾಳು ಖರ್ಚು ಮಾಡಿ ಮುಂಚೆಯೇ ಸಿದ್ಧರಾಗಬೇಕು, ಇಲ್ಲ ನಷ್ಟ ಅನುಭವಿಸಬೇಕು. ಒಂದಷ್ಟು ಸುತ್ತು ಆದ ಮೇಲೆ ಅವರು ಆರು ಮುಖದ ಒಂದು ದಾಳ ತೆಗೆದು ಎಂಟು ಮುಖದ ದಾಳ ಇಡುತ್ತಾರೆ. ಭಾಷಣ ಇಲ್ಲ. ಲೆಕ್ಕ ಹಾಕಿದರೆ ಮೊದಲು 36ಕ್ಕೆ 6 ಸಲ ಬರುತ್ತಿದ್ದ ನೆರೆ ಈಗ 48ಕ್ಕೆ 15 ಸಲ. ಹೆಚ್ಚುಕಮ್ಮಿ ಎರಡು ಪಟ್ಟು. ಹವಾಮಾನ ಬದಲಾವಣೆ ಅಂದರೆ ದಾಳ ಬದಲಾಗುವುದು. ಆಡಿದವರು ಇದನ್ನು ಮರೆಯುವುದು ಕಷ್ಟ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಮತ್ತು ಕ್ಲೈಮೇಟ್ ಇಂಟರ್ಯಾಕ್ಟಿವ್ ಸಂಸ್ಥೆ ಸೇರಿ ಮಾಡಿದ ವರ್ಲ್ಡ್ ಕ್ಲೈಮೇಟ್ ಎಂಬ ಆಟ ಇನ್ನೊಂದು ಬಗೆ. ಇಲ್ಲಿ ಜನ ದೇಶಗಳ ಪ್ರತಿನಿಧಿಗಳಾಗಿ ಕೂತು ಎಷ್ಟು ಇಂಗಾಲ ಕಡಿಮೆ ಮಾಡುತ್ತೇವೆ ಎಂದು ಚೌಕಾಸಿ ಮಾಡುತ್ತಾರೆ. ಅವರು ಒಪ್ಪಿದ ಸಂಖ್ಯೆ ಕಂಪ್ಯೂಟರಿಗೆ ಹೋಗುತ್ತದೆ, ಭೂಮಿ ಎಷ್ಟು ಬಿಸಿಯಾಗುತ್ತದೆಂದು ತಕ್ಷಣ ಉತ್ತರ ಬರುತ್ತದೆ. ಶ್ರೀಮಂತ ದೇಶದವರಿಗೆ ಮೇಜು, ಕುರ್ಚಿ, ತಿಂಡಿ. ಬಡ ದೇಶದವರಿಗೆ ನೆಲ. ಮಾತುಕತೆ ಸೋತಾಗ ನೆಲದ ಮೇಲೆ ಕೂತವರ ತಲೆಯ ಮೇಲೆ ನೀಲಿ ಬಟ್ಟೆ ಹೊದಿಸುತ್ತಾರೆ, ಸಮುದ್ರ ಏರಿತು ಅಂತ. ಎಂಟು ದೇಶಗಳಲ್ಲಿ ಇದನ್ನು ಆಡಿದ 2,042 ಜನರನ್ನು ವಿಚಾರಿಸಿದ ಒಂದು ಅಧ್ಯಯನ 2018ರಲ್ಲಿ ಬಂತು. ಅದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು: ಏನಾದರೂ ಮಾಡಬೇಕೆಂಬ ಮನಸ್ಸು ಬಂದದ್ದು ಹೊಸ ಮಾಹಿತಿ ತಿಳಿದದ್ದರಿಂದ ಅಷ್ಟಾಗಿ ಅಲ್ಲ, ಇದು ಈಗಲೇ ಆಗಬೇಕಾದ ಕೆಲಸ ಎಂದು ಒಳಗೆ ನಾಟಿದ್ದರಿಂದ.

ಭವಿಷ್ಯವನ್ನು ಮೂಗಿಗೇ ಮುಟ್ಟಿಸಿದವರೂ ಇದ್ದಾರೆ. ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಓದಿದ ಅನಬ್ ಜೈನ್ ಅವರ ಲಂಡನ್ನಿನ ಸೂಪರ್‌ಫ್ಲಕ್ಸ್ ವಿನ್ಯಾಸ ಸ್ಟುಡಿಯೋಗೆ ಯುಎಇ ಸರ್ಕಾರ ತನ್ನ ಇಂಧನದ ಭವಿಷ್ಯ ಚಿತ್ರಿಸಲು ಹೇಳಿತ್ತು. ಅಂಕಿಅಂಶದ ಮೇಲೆ ಒಂದು ಮಾದರಿ ಕಟ್ಟಿದರು. ನೋಡಿದ ಒಬ್ಬರು, ನನ್ನ ಮಗನಿಗೆ ಕಾರು ಬಿಟ್ಟು ಬಸ್ಸಲ್ಲಿ ಹೋಗು ಅಂತ ಹೇಳಲಾಗುವುದಿಲ್ಲ ಎಂಬ ಅರ್ಥದ ಮಾತು ಆಡಿದರಂತೆ. ಅದಕ್ಕೆ ಜೈನ್ ತಂಡದವರು, ಹೀಗೇ ನಡೆದರೆ 2030ರ ಹೊತ್ತಿಗೆ ಊರಿನ ಗಾಳಿ ಹೇಗಿರುತ್ತದೋ ಆ ಗಾಳಿಯನ್ನೇ ಪ್ರಯೋಗಾಲಯದಲ್ಲಿ ತಯಾರಿಸಿ ಉಸಿರಾಡಲು ಕೊಟ್ಟರು. ಮಾರನೆಯ ದಿನ ಸರ್ಕಾರ ನವೀಕರಿಸಬಹುದಾದ ಇಂಧನಕ್ಕೆ ದೊಡ್ಡ ಹೂಡಿಕೆ ಘೋಷಿಸಿತು. ಅದರಲ್ಲಿ ತಮ್ಮ ಪಾಲು ಎಷ್ಟು ಎಂದು ಗೊತ್ತಿಲ್ಲ ಎಂದು ಜೈನ್ ಅವರೇ ಹೇಳಿದ್ದಾರೆ. ಆ ಪ್ರಾಮಾಣಿಕತೆ ನನಗೆ ಇಷ್ಟ.

ನಮ್ಮಲ್ಲಿ ಗಾಳಿ ತಯಾರಿಸುವಷ್ಟು ದೂರ ಹೋಗಬೇಕಿಲ್ಲ. ಒಂದು ಕರೆಂಟ್ ಬಿಲ್ ಸಾಕು. ಮೀಟರ್ ರೀಡರ್ ಕೊಡುವ ಅದೇ ಉದ್ದನೆಯ ಚೀಟಿ, ಅದೇ ಅಕ್ಷರ. ದಿನಾಂಕ ಮಾತ್ರ 2040. ಮಧ್ಯಾಹ್ನದ ಯೂನಿಟ್ಟಿಗೆ ಒಂದು ದರ, ಸಂಜೆಗೆ ಇನ್ನೊಂದು ದರ, ಚಾವಣಿಯಿಂದ ಗ್ರಿಡ್ಡಿಗೆ ಕೊಟ್ಟ ಯೂನಿಟ್ ಬೇರೆ ಸಾಲಿನಲ್ಲಿ. ಸಮ್ಮೇಳನದ ಬಾಗಿಲಲ್ಲಿ ಬ್ಯಾಡ್ಜ್ ಜೊತೆ ಇದನ್ನು ಕೊಟ್ಟರೆ ಯಾರೂ ಚೀಲಕ್ಕೆ ಹಾಕುವುದಿಲ್ಲ. ನಿಂತಲ್ಲೇ ಓದುತ್ತಾರೆ, ಬಿಲ್ ಓದುವುದು ಎಲ್ಲರಿಗೂ ರೂಢಿ. ಇದು ಕನಸಿನ ಮಾತೂ ಅಲ್ಲ. 2023ರಲ್ಲಿ ಕೇಂದ್ರ ಸರ್ಕಾರ ತಿದ್ದಿದ ನಿಯಮದಲ್ಲಿ, ಸ್ಮಾರ್ಟ್ ಮೀಟರ್ ಬಂದ ಮೇಲೆ ಬಿಸಿಲಿನ ಹೊತ್ತಿಗೆ ಕಡಿಮೆ ದರ, ಹೆಚ್ಚು ಬೇಡಿಕೆಯ ಹೊತ್ತಿಗೆ ಹೆಚ್ಚು ದರ ಎಂಬ ಪದ್ಧತಿ ಇದೆ. ಕೃಷಿಗೆ ಅದು ಇಲ್ಲ. ಬಟ್ಟಲಿನ ಆಟ ಆಡಿ ಬಂದವರಿಗೆ ಈ ಬಿಲ್ ಕೊಟ್ಟರೆ ಪ್ರತಿ ಸಾಲೂ ಅರ್ಥವಾಗುತ್ತದೆ. ಆಡದವರು ಬರೀ "ಜಾಸ್ತಿ ಮಾಡಿದ್ರು" ಅನ್ನುತ್ತಾರೆ.

ನಡೆಸುವಾಗಿನ ಕೆಲವು ಸಂಗತಿ ಹೇಳಿಬಿಡುತ್ತೇನೆ. ಹಿಂದೊಮ್ಮೆ ನಾನೇ ಒಂದು ಸಭೆಗೆ ಮೊಬೈಲಿನಲ್ಲಿ ಆಡುವ ಆಟ ತಂದಿದ್ದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಅಂದೆ. ಇನ್ನೂರು ಜನ ಒಟ್ಟಿಗೇ ಮಾಡಿದರು, ವೈಫೈ ನಿಂತುಹೋಯಿತು. ಹನ್ನೆರಡು ನಿಮಿಷ ಎಲ್ಲರೂ ತಲೆ ಬಗ್ಗಿಸಿ ತಿರುಗುವ ಚಕ್ರ ನೋಡುತ್ತ ಕೂತರು. ಪಕ್ಕದವರ ಮುಖ ಯಾರೂ ನೋಡಲಿಲ್ಲ. ನೆಟ್ ಸರಿಯಿದ್ದರೂ ಅದೇ ಆಗುತ್ತಿತ್ತು ಅಂತ ಆಮೇಲೆ ಹೊಳೆಯಿತು. ಬೀಜಕ್ಕೆ ಬಂದದ್ದು ಆ ದಿನದ ನಂತರ.

ಹಿರಿಯ ಅಧಿಕಾರಿಗಳು ಆಡುವುದಿಲ್ಲ ಎಂಬ ಭಯ ಸಂಘಟಕರಿಗೆ ಇರುತ್ತದೆ. ಕುಣಿಯಿರಿ, ಹಾಡಿ ಅಂದರೆ ಖಂಡಿತ ಆಡುವುದಿಲ್ಲ. ಆದರೆ ಕೈಗೆ ಒಂದು ಪಾತ್ರ, ಒಂದು ಹೊಣೆ ಕೊಟ್ಟರೆ ಆಡುತ್ತಾರೆ, ಅದೂ ಬಿಗಿಯಾಗಿ. ಪಾತ್ರವನ್ನು ಅದಲುಬದಲು ಮಾಡಿ ಕೊಡಿ. ಕರೆಂಟ್ ಹಂಚುವ ಎಸ್ಕಾಂ ಕಂಪನಿಯ ಎಂಜಿನಿಯರಿಗೆ ರೈತನ ಕಲ್ಲು, ರೈತ ಸಂಘದವರಿಗೆ ಕವಡೆ. "ಹತ್ತೇ ಕವಡೆ ಇಟ್ಕೊಂಡು ಹೆಂಗೆ ಸಾರ್ ನಡ್ಸೋದು?" ಎಂದು ರೈತ ಮುಖಂಡರೊಬ್ಬರು ಕೇಳಿದಾಗ, ಎದುರಿಗಿದ್ದ ಎಂಜಿನಿಯರ್ ಏನೂ ಹೇಳದೆ ಅವರ ಕೈ ಹಿಡಿದು ಕುಲುಕಿದ್ದು ನನ್ನ ಕಣ್ಣಲ್ಲಿದೆ.

ಹೊತ್ತಿನ ಲೆಕ್ಕವೂ ಮುಖ್ಯ. ಒಂದೂವರೆ ಗಂಟೆ ಸಿಕ್ಕರೆ ಆಟಕ್ಕೆ ನಲವತ್ತು ನಿಮಿಷ ಸಾಕು, ಉಳಿದದ್ದೆಲ್ಲ ಮಾತಿಗೆ. ಏನಾಯಿತು, ನಿಜದಲ್ಲೂ ಹೀಗೇ ಆಗುತ್ತಾ, ಎಲ್ಲಿ ಬೇರೆ? ಈ ಮಾತಿಲ್ಲದೆ ಜನರನ್ನು ಕಾಫಿಗೆ ಕಳಿಸಿದರೆ ಅರ್ಧ ಕೆಲಸ ಆಗಿಲ್ಲ ಅಂತ ಅರ್ಥ. ಕಾರ್ಯಕ್ರಮ ತಡವಾದಾಗ ಸಂಘಟಕರು ಮೊದಲು ಕತ್ತರಿಸುವುದು ಇದನ್ನೇ. ಬೇಕಿದ್ದರೆ ಎರಡನೇ ಸುತ್ತು ಬಿಡಿ, ಮಾತು ಬಿಡಬೇಡಿ.

ಯಾರು ಮೇಜಿನಲ್ಲಿ ಕೂತಿದ್ದಾರೆ ಎಂಬುದು ಎಲ್ಲಕ್ಕಿಂತ ದೊಡ್ಡ ವಿನ್ಯಾಸ. ಪಾವಗಡದ ಪಾರ್ಕ್ 2050 ಮೆಗಾವ್ಯಾಟಿನದ್ದು, ಸುಮಾರು 13 ಸಾವಿರ ಎಕರೆ, ತಿರುಮಣಿ, ವಳ್ಳೂರು ಸೇರಿ ಐದು ಊರಿನ ನೆಲ. ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು, ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಪದೇ ಪದೇ ಬರ ಕಂಡ ರೈತರಿಗೆ ಅದು ಆಸರೆ. ಆದರೆ ಜಮೀನಿಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣ ಬರುವುದಿಲ್ಲ. ಹಾಗಾಗಿ ನನ್ನ ಪೆಟ್ಟಿಗೆಯಲ್ಲಿ ಏಳನೆಯ ಕಾರ್ಡ್ ಒಂದಿದೆ: ಕೂಲಿ ಮಾಡುವವರು. ಅವರಿಗೆ ಕಲ್ಲೂ ಇಲ್ಲ, ಕವಡೆಯೂ ಇಲ್ಲ. ಮೇಜಿನ ಬಳಿ ನಿಂತು ನೋಡಬಹುದು. ಕೆಲವು ಮೇಜಿನವರು ಅವರನ್ನು ಕರೆದು ಕೂರಿಸಿಕೊಂಡು ಕೇಳುತ್ತಾರೆ. ಕೆಲವರು ಕೊನೆತನಕ ಕೇಳುವುದೇ ಇಲ್ಲ. ಆಟ ಮುಗಿದ ಮೇಲೆ ನಾನು ಮೊದಲು ಮಾತಾಡಿಸುವುದು ಅವರನ್ನು.

ಜನರ ಅಭಿಪ್ರಾಯ ಕೇಳುವ ಆಟಗಳಲ್ಲಿ ಇನ್ನೊಂದು ಎಚ್ಚರ ಬೇಕು. ಶೆರಿ ಆರ್ನ್‌ಸ್ಟೀನ್ ಎಂಬವರು 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ಬಿಡಿಸಿದರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಸಮಾಧಾನಪಡಿಸಲು ಕರೆಯುತ್ತಾರೆ, ಮೇಲಿನ ಮೆಟ್ಟಿಲಲ್ಲಿ ತೀರ್ಮಾನ ಅವರ ಕೈಯಲ್ಲಿರುತ್ತದೆ. ಗೋಡೆ ತುಂಬ ಬಣ್ಣದ ಚೀಟಿ ಅಂಟಿಸಿಕೊಂಡು ಸಂಜೆ ಕಸದ ಬುಟ್ಟಿಗೆ ಹಾಕಿದರೆ ನಾವು ಕೆಳಗಿನ ಮೆಟ್ಟಿಲಲ್ಲೇ ಇದ್ದೇವೆ. ತೀರ್ಮಾನ ಈಗಾಗಲೇ ಆಗಿದ್ದರೆ ಜನರನ್ನು ಕೇಳಬೇಡಿ, ನೇರವಾಗಿ ತಿಳಿಸಿ. ಇನ್ನೂ ಆಗಿಲ್ಲವೆಂದರೆ, ಈ ಚೀಟಿಗಳನ್ನು ಯಾರು ಓದುತ್ತಾರೆ, ಯಾವ ತಾರೀಖಿನೊಳಗೆ ಉತ್ತರ ಕೊಡುತ್ತಾರೆ ಎಂದು ಅದೇ ಗೋಡೆಯ ಮೇಲೆ ಬರೆದು ಹಾಕಿ.

ಕಳೆದ ಸಲ ಆಟ ಮುಗಿಸಿ ಬಟ್ಟಲು ಜೋಡಿಸುತ್ತಿದ್ದೆ. ಪಾವಗಡ ಕಡೆಯ ಒಬ್ಬ ಹಿರಿಯರು ಬಂದು ನಿಂತರು. ಮೇಜಿನ ಮೇಲಿನ ಕಲ್ಲುಗಳನ್ನು ಒಂದೊಂದಾಗಿ ಎಣಿಸಿದರು. "ನಮ್ಮ ಗ್ರಾಮಸಭೇಲಿ ಆಡಿಸ್ತೀನಿ, ಒಂದು ಸೆಟ್ ಕೊಡಿ ಸಾರ್" ಅಂದರು. ಒಂದು ಬಟ್ಟೆ ಚೀಲದಲ್ಲಿ ಹಾಕಿ ಕೊಟ್ಟೆ. ಅವರು ಚೀಲ ಬಿಚ್ಚಿ ರೈತನ ಕಲ್ಲು ಹೊರಗೆ ತೆಗೆದರು. "ನೀವು ಮೂರು ಇಟ್ಟಿದ್ದೀರಿ. ನಮ್ಮ ಕಡೆ ಬೋರು ಆಳ. ಇದು ಐದಾಗಬೇಕು." ಬಾಗಿಲ ಹತ್ತಿರ ಹೂಕುಂಡದಲ್ಲಿದ್ದ ಎರಡು ಕಲ್ಲು ಆರಿಸಿ ಚೀಲಕ್ಕೆ ಹಾಕಿಕೊಂಡು ಹೋದರು.